ದಾರಿಗಣ್ಣಿನ ನೀಲಿ

“ಹಲ್ಲು ನಿಮಗಾ, ಮನೇಲಿ ಯಾರಿಗಾದ್ರೂನಾ?” ಎಂದು ಲ್ಯಾಬಿನವನು ಕೇಳಿದ.

ಅವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಕಟ್ಟುಹಲ್ಲು ಮಾಡುವ ಆ ಚಿಕ್ಕ ಲ್ಯಾಬಿನ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತು ಅವಳನ್ನೇ ನೋಡಿ ಕಿಸಿಯುತ್ತಿದ್ದವು.

“ಹಲ್ಲಲ್ಲ. ಸಿನಿಮಾದಲ್ಲಿ ಬರೋ ಹೆಲ್ಮೆಟ್ ಮಾಡಿ ನೆಟ್ಟಲ್ಲಿ ಫೋಟೋ ಹಾಕಿದ್ದು ನೀವೇ ತಾನೆ? ನನಗೊಂದು ದಾರಿಗಣ್ಣು ಬೇಕು.”

ಅವನ ಕೈಯಲ್ಲಿದ್ದ ಗ್ರೈಂಡರ್ ನಿಂತಿತು. ದಾರಿಗಣ್ಣನ್ನು ಬಲ್ಲವರು ಕಡಿಮೆ. ಹಳೆಯ ಸಿನಿಮಾ ಒಂದರಲ್ಲಿ, ದಾರಿ ತಪ್ಪಿದ ಗಗನನೌಕೆಯ ಕ್ಯಾಪ್ಟನ್ ಕೈಯಲ್ಲಿರುವ ಅಂಗೈಯಗಲದ ಹಿತ್ತಾಳೆ ಉಪಕರಣ ಅದು. ಮೂರು ಎಸಳು ಬಿಚ್ಚಿದರೆ ಒಳಗೊಂದು ನೀಲಿ ಬೆಳಕು. ಹೇಗೆ ತಿರುಗಿಸಿದರೂ ಅದು ಮನೆಯ ದಿಕ್ಕಿಗೇ ವಾಲುತ್ತದೆ.

“ಶೋಕೇಸಿಗಾ?”

“ಅಲ್ಲ, ಕೆಲಸ ಮಾಡ್ಬೇಕು. ನಮ್ಮ ಮನೆ ಕಡೆಗೇ ತೋರಿಸ್ಬೇಕು.”

ಅವಳ ಅಪ್ಪ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಕೋಣೆಯ ಕಿಂಡಿಯಿಂದ ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದರೋ. ಈಗ ಒಂದು ಕಣ್ಣು ಪೂರ್ತಿ ಹೋಗಿತ್ತು. ಉಳಿದದ್ದಕ್ಕೆ ಮುಂದಿನ ತಿಂಗಳು ಆಪರೇಷನ್. ಆಮೇಲೆ ಕಾಣುತ್ತದೆಂದು ಡಾಕ್ಟರ್ ಮಾತು ಕೊಟ್ಟಿರಲಿಲ್ಲ.

“ಅಷ್ಟರೊಳಗೆ ಅಪ್ಪ ಇದನ್ನ ನೋಡ್ಬೇಕು,” ಎಂದಳು.

ಹಲ್ಲಿಗೆ ಮಾಡುವಂತೆಯೇ ಅವನು ಎಸಳುಗಳನ್ನು ಮೊದಲು ಮೇಣದಲ್ಲಿ ಕೆತ್ತಿ, ಆಮೇಲೆ ಲೋಹದಲ್ಲಿ ಎರಕ ಹೊಯ್ದ. ಒಳಗೆ ದಿಕ್ಕು ಹಿಡಿಯುವ ಚಿಪ್ ಕೂರಿಸಿ ಅವಳ ಮನೆಯ ಗುರುತು ತುಂಬಿದ. ಔಷಧಿ ಅಂಗಡಿಯ ಕೆಲಸ ಮುಗಿಸಿ ಅವಳು ಸಂಜೆ ಬರುತ್ತಿದ್ದಳು.

“ನೀಲಿ ಸ್ವಲ್ಪ ಜಾಸ್ತಿ ಆಯ್ತು.”

“ಹಲ್ಲಿನ ಬಿಳಿಯಲ್ಲಿ ಎಷ್ಟು ಬಗೆ ಬೇಕಾದ್ರೂ ಹೇಳ್ತೀನಿ. ನೀಲಿಗೆ ನೀವೇ ಗತಿ,” ಎಂದು ಅವನು ತಲೆ ಎತ್ತದೆಯೇ ಹೇಳಿದ. ಆದರೆ ನೋಟವೊಂದು ಭೂತಗನ್ನಡಿಯ ಅಂಚಿನಿಂದ ಜಾರಿ, ಅವಳ ಮುಖ ಸವರಿ ವಾಪಸು ಹೋಯಿತು.

ಮರುದಿನ ನೀಲಿ ಕಡಿಮೆಯಾಯ್ತು ಎಂದಳು. ಅದರ ಮರುದಿನ ಎಸಳು ಬಿಗಿ ಎಂದಳು. ಅವಳು ನಗುನಗುತ್ತ ಮನೆಗೆ ಹೋದರೆ, ಅಪ್ಪ ಗಡಿಯಾರವನ್ನು ಗೋಡೆಯಿಂದ ಇಳಿಸಿ ಮೂಗಿಗೆ ಹಿಡಿದು ನೋಡುತ್ತಿದ್ದರು. ಅವಳ ನಗು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. “ಕಾಯೋದು ಬೇಡ. ನಾಳೆ ಬೆಳಿಗ್ಗೆನೇ ಕರ್ಕೊಂಡು ಬನ್ನಿ.”

ಅವಳು ಲ್ಯಾಬಿಗೆ ಓಡಿದಳು. “ಇವತ್ತೇ ಬೇಕು. ಆಗುತ್ತಾ?”

ಅವನು ಡ್ರಾಯರ್ ಎಳೆದ. ದಾರಿಗಣ್ಣು ಪಾಲಿಶ್ ಆಗಿ ಬಟ್ಟೆಯಲ್ಲಿ ಮಲಗಿತ್ತು.

ಮನೆ ಕಡೆ ಹೊರಟ ಸ್ಕೂಟರಿನಲ್ಲಿ ಹಿಂದೆ ಕೂತು ಅವನ ಬೆನ್ನಿಗೆ ಅವಳು ಹೇಳಿದಳು, “ಬಣ್ಣ ಯಾವತ್ತೋ ಸರಿ ಹೋಗಿತ್ತು. ನಾನೇ ಸುಮ್ನೆ ತಪ್ಪು ಹುಡುಕ್ತಿದ್ದೆ.”

ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಉತ್ತರ ಬಂತು. “ನಾನೂ ಮುಗಿಸಿಟ್ಕೊಂಡೇ ಕೂತಿದ್ದೆ. ಕೊಟ್ಬಿಟ್ರೆ ನೀವು ಬರಲ್ವಲ್ಲ.”

ಅವಳಿಗೆ ಸಂತೋಷಪಡಲು ಧೈರ್ಯವಾಗಲಿಲ್ಲ. ತಮ್ಮಿಬ್ಬರ ಆಟದಲ್ಲಿ ಖರ್ಚಾಗಿದ್ದು ಅಪ್ಪನ ಕಣ್ಣಿನ ದಿನಗಳು.

ಮನೆಯಲ್ಲಿ ಅಪ್ಪನ ಅಂಗೈ ಮೇಲೆ ಎಸಳು ಬಿಚ್ಚಿಕೊಂಡಿತು. ನೀಲಿ ಬೆಳಕು ಸುತ್ತಿತು, ಸುತ್ತುತ್ತಲೇ ಇತ್ತು. ಎಲ್ಲೂ ನಿಲ್ಲಲಿಲ್ಲ.

“ಲ್ಯಾಬಲ್ಲಿ ಸರಿಯಾಗಿತ್ತು ಸರ್…” ಅವನ ಹಣೆ ಬೆವರಿತು. ಕಿಟಕಿ, ಬಾಗಿಲು ನೋಡಿದವನು ಒಮ್ಮೆಲೇ ತಲೆ ಚಚ್ಚಿಕೊಂಡ. “ನಾವು ಮನೇಲೇ ಇದ್ದೀವಲ್ಲ. ಮನೇಲಿ ನಿಂತು ಮನೆ ಎಲ್ಲಿ ಅಂದ್ರೆ ಅದು ಪಾಪ ಏನು ಹೇಳುತ್ತೆ? ಹೊರಗೆ ಬನ್ನಿ ಸರ್.”

ಅಪ್ಪನನ್ನು ನಡುವೆ ಇಟ್ಟುಕೊಂಡು ಇಬ್ಬರೂ ಬೀದಿಯ ತುದಿಗೆ ನಡೆಸಿದರು. ಬೆಳಕು ನಿಧಾನವಾಯಿತು, ನಡುಗಿತು, ಹಿಂದೆ ಬಿಟ್ಟುಬಂದ ಮನೆಯ ಕಡೆ ನಿಂತಿತು. ಅಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು ಬೀದಿಯ ನಡುವೆಯೇ ಒಂದು ಸುತ್ತು ತಿರುಗಿದರು, ಇನ್ನೊಂದು ಸುತ್ತು ತಿರುಗಿದರು. ಬೆಳಕು ಕದಲಲಿಲ್ಲ. ಹೋಗಿಬರುವವರು ನಿಂತು ನೋಡಿದರೂ ಅಪ್ಪನಿಗೆ ಪರಿವೆಯಿರಲಿಲ್ಲ.

“ಅದೇ ನೀಲಿ,” ಎಂದರು. ಆಮೇಲೆ ಅವನ ಕಡೆ ತಿರುಗಿದರು. “ನಾಳೆ ನೀವೂ ಬನ್ನಿ. ಇವಳೊಬ್ಬಳೇ ಇದ್ರೆ ಉಗುರೆಲ್ಲ ಕಚ್ಚಿ ಮುಗಿಸ್ತಾಳೆ.”

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದಾಗ ಅವಳ ಬೆರಳು ಬಾಯಿಗೆ ಹೋಗಿಯೇ ಇತ್ತು. ಅವನು ತನ್ನ ಕೈ ಚಾಚಿದ. “ಬೇಕಾದ್ರೆ ಇದನ್ನ ಕಚ್ಚಿ.”

ಅವಳು ಕಚ್ಚಲಿಲ್ಲ. ಹಿಡಿದುಕೊಂಡಳು, ಬಿಡಲಿಲ್ಲ. “ಅಪ್ಪನಿಗೆ ಏನಾದ್ರೂ ಆದ್ರೆ ನನ್ನನ್ನ ನಾನು ಕ್ಷಮಿಸಲ್ಲ,” ಎಂದಳು. ಅವನು ಸಮಾಧಾನದ ಮಾತು ಆಡಲಿಲ್ಲ. “ನಾನೂ ಅಷ್ಟೇ,” ಎಂದ. ಅವಳಿಗೆ ಆಗ ಬೇಕಿದ್ದದ್ದು ಅದೇ.

ಬ್ಯಾಂಡೇಜು ಬಿಚ್ಚುವ ದಿನ ಇಬ್ಬರೂ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದರು. ಅಪ್ಪ ರೆಪ್ಪೆ ಬಡಿದರು, ಮತ್ತೆ ಬಡಿದರು. ಹುಬ್ಬು ಗಂಟಾಯಿತು.

“ಡಾಕ್ಟ್ರೇ, ಏನೋ ಸರಿಯಿಲ್ಲ. ಇಬ್ಬರು ನಿಂತಿದ್ದಾರೆ, ನಡುವೆ ಜಾಗವೇ ಕಾಣಿಸ್ತಿಲ್ಲ.”

ಡಾಕ್ಟರ್ ಹಿಂತಿರುಗಿ ಮಂಚದ ಕಾಲ್ದೆಸೆಗೆ ನೋಡಿದರು.

“ಸರಿಯಾಗೇ ಕಾಣಿಸ್ತಿದೆ ನಿಮಗೆ,” ಎಂದರು.