ತಿಕ್ಕಿ ತೊಳೆದ ಸ್ಪಂಜು

"ಮಿಸ್, ಇನ್ನೊಂದು!"

ಯಾರೋ ಕೂಗಿದ್ದೇ ತಡ, ಇಡೀ ಕ್ಲಾಸು ಮೀನಿನ ಟ್ಯಾಂಕಿನ ಮುಂದೆ ಮುಗಿಬಿತ್ತು. ಬಂಗಾರದ ಬಣ್ಣದ ಮೀನೊಂದು ನೀರಿನ ಮೇಲೆ ಮಗ್ಗುಲಾಗಿ ತೇಲುತ್ತಿತ್ತು. ನಿನ್ನೆ ಬೆಳಿಗ್ಗೆಯೂ ಒಂದು ಹೀಗೇ ತೇಲಿತ್ತು.

ಸೈನ್ಸ್ ಮಿಸ್ ಚಿಕ್ಕ ಬಲೆಯಿಂದ ಅದನ್ನು ಎತ್ತಿ ಕಾಗದದ ಮೇಲಿಟ್ಟರು. ಅದರ ಕಣ್ಣು ತೆರೆದೇ ಇತ್ತು.

"ಉಳಿದಿರೋದು ಮೂರೇ," ಎಂದರು ಮಿಸ್. "ಅವೂ ಹೋದ್ರೆ ಟ್ಯಾಂಕು ಸ್ಟೋರ್ ರೂಮಿಗೆ. ಸಾಯಿಸೋಕೆ ಅಂತ ಮೀನು ತರೋಕಾಗುತ್ತಾ?"

"ಎಲ್ಲ ಬಿಸ್ಕತ್ತಿಂದಾನೇ ಮಿಸ್. ಅವನು ಪುಡಿ ಹಾಕ್ತಾನೆ, ನಾನು ನೋಡಿದೀನಿ," ಎಂದಿತು ಹಿಂದಿನಿಂದ ಒಂದು ಧ್ವನಿ.

ಜೇಬಿನಲ್ಲಿ ಸದಾ ಬಿಸ್ಕತ್ತು ಇಟ್ಟುಕೊಂಡು ತಿರುಗುವ ಹುಡುಗನಿಗೆ ಶಾಲೆಯೇ ಇಟ್ಟ ಹೆಸರು ಅದು. ಬಿಸ್ಕತ್ತಿನ ಮುಖ ಕೆಂಪಾಯಿತು.

"ನಾನಲ್ಲ ಮಿಸ್," ಎಂದ. ಹೇಳುವಾಗಲೇ ಅವನ ಕೈ ಜೇಬನ್ನು ಮುಚ್ಚಿಕೊಂಡಿತ್ತು. ಅಷ್ಟು ಸಾಕಾಯಿತು. ಮಿಸ್ ಅವನನ್ನು ಟ್ಯಾಂಕ್ ಡ್ಯೂಟಿಯಿಂದ ತೆಗೆದುಹಾಕಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಪಕ್ಕದ ಜಾಗ ಖಾಲಿಯೇ ಇತ್ತು.

ಇಷ್ಟೆಲ್ಲ ನಡೆಯುವಾಗ ಗೊತ್ತಮ್ಮ ತುಟಿಪಿಟಕ್ಕೆನ್ನಲಿಲ್ಲ. ಅದೇ ಒಂದು ಆಶ್ಚರ್ಯ. ಮಿಸ್ ಪ್ರಶ್ನೆ ಮುಗಿಸುವ ಮೊದಲೇ "ಗೊತ್ತು ಮಿಸ್, ಗೊತ್ತು ಮಿಸ್" ಎಂದು ಕೈಯೆತ್ತಿ ಬೆಂಚಿನಿಂದ ಅರ್ಧ ಎದ್ದು ನಿಲ್ಲುವ ಹುಡುಗಿ ಅವಳು. ಆ ಹೆಸರು ಬಂದದ್ದೂ ಹಾಗೆಯೇ. ಇವತ್ತು ಮಾತ್ರ ಅವಳ ಎರಡೂ ಕೈ ಡೆಸ್ಕಿನ ಕೆಳಗಿದ್ದವು.

ಹೋದ ವಾರ ಟ್ಯಾಂಕ್ ತೊಳೆಯುವ ಸರದಿ ಅವಳದಾಗಿತ್ತು. "ಚೆನ್ನಾಗಿ ತೊಳಿಯಮ್ಮ" ಎಂದಿದ್ದರು ಮಿಸ್. ಬೇರೆಯವರಾಗಿದ್ದರೆ ಗಾಜು ಒರೆಸಿ, ಸ್ವಲ್ಪ ನೀರು ಬದಲಾಯಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಗೊತ್ತಮ್ಮ ಬಿಡುವವಳೇ? ಕ್ರಿಮಿ ಎಂದರೇನು, ಅದರಿಂದ ಯಾವ ಯಾವ ರೋಗ ಬರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕೈ ತೊಳೆಯುವ ಪೋಸ್ಟರ್ ಬರೆದು ಬಹುಮಾನ ಗೆದ್ದವಳು ಬೇರೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ ನೀರನ್ನೆಲ್ಲ ಚೆಲ್ಲಿದಳು. ಮೂಲೆಯಲ್ಲಿ ಗುಳುಗುಳು ಎಂದು ಗುಳ್ಳೆ ಬಿಡುವ ಫಿಲ್ಟರಿನಿಂದ ಕಂದು ಬಣ್ಣಕ್ಕೆ ತಿರುಗಿದ್ದ ಸ್ಪಂಜನ್ನು ಕಿತ್ತು, ನಲ್ಲಿಯ ಕೆಳಗೆ ಹಿಂಡಿ, ತಿಕ್ಕಿ, ಹೊಸದರ ಹಾಗೆ ಮಾಡಿದಳು. ಸೋಪು ಮಾತ್ರ ಹಾಕಲಿಲ್ಲ, ಅಷ್ಟು ಬುದ್ಧಿ ಅವಳಿಗೂ ಇತ್ತು.

ಮೀನುಗಳು ಮಂಕಾಗಲು ಶುರುವಾದದ್ದು ಅದಾದ ಮೇಲೆಯೇ. ಅದು ಅವಳೊಬ್ಬಳಿಗೇ ಗೊತ್ತಿತ್ತು. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟಳು.

ಸಂಜೆ ಬೆಲ್ಲು ಹೊಡೆದ ಮೇಲೆ ಅವಳು ತನ್ನ ಬಾಟಲಿಯ ನೀರು ಚೆಲ್ಲಿ ಟ್ಯಾಂಕಿನ ನೀರು ತುಂಬಿಕೊಂಡಳು. ಹರಿದ ಬಾಲದ ಮೀನು, ಎಲ್ಲರೂ ಹರಕು ಎಂದು ಕರೆಯುವ ಮೀನು, ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಉಸಿರು ಸಿಗದವರ ಹಾಗೆ.

ಚಿಕ್ಕಮ್ಮನ ಕೆಲಸ ನೀರಿನ ಲ್ಯಾಬಿನಲ್ಲಿ. ನಗರದ ನಲ್ಲಿಗಳಿಗೆಲ್ಲ ಹೋಗುವ ನೀರನ್ನು ಶುದ್ಧ ಮಾಡುವ ಜಾಗ ಅದು. ಅಮ್ಮ ಕೆಲಸ ಮುಗಿಸಿ ಬರುವ ತನಕ ಗೊತ್ತಮ್ಮ ಅಲ್ಲಿಯೇ ಕೂತು ಹೋಂವರ್ಕ್ ಮಾಡುತ್ತಿದ್ದಳು. ಇವತ್ತು ಬ್ಯಾಗು ಇಳಿಸುವ ಮೊದಲೇ ಬಾಟಲಿ ಚಾಚಿದಳು.

"ಚಿಕ್ಕಮ್ಮ, ನಲ್ಲಿ ನೀರಿಗೆ ಕ್ಲೋರಿನ್ ಹಾಕ್ತೀರಲ್ಲ, ಅದರಿಂದ ಮೀನು ಸಾಯುತ್ತಾ?"

"ಸಾಯಬಹುದು. ಯಾರ ಮೀನು?"

"ಕ್ಲಾಸಿಂದು."

ಚಿಕ್ಕಮ್ಮ ಬಾಟಲಿ ತೆಗೆದುಕೊಂಡರು. ಗಾಜಿನ ಚಿಕ್ಕ ಕೊಳವೆಗೆ ನೀರು ಹಾಕಿ, ಒಂದು ಚಿಟಿಕೆ ಪುಡಿ ಸೇರಿಸಿ ಅಲ್ಲಾಡಿಸಿದರು. "ಕ್ಲೋರಿನ್ ಇದ್ರೆ ಗುಲಾಬಿ ಬಣ್ಣ ಬರುತ್ತೆ," ಎಂದರು. ನೀರು ನೀರಾಗಿಯೇ ಇತ್ತು.

"ಇಲ್ವಲ್ಲ. ಇದ್ದಿದ್ರೂ ಒಂದೆರಡು ದಿನದಲ್ಲಿ ಹಾರಿಹೋಗುತ್ತೆ. ತಡಿ, ಇನ್ನೊಂದು ನೋಡೋಣ." ಬೇರೆ ಕೊಳವೆ, ಬೇರೆ ಬಾಟಲಿಯ ಹನಿಗಳು. "ಇದು ಅಮೋನಿಯಾಕ್ಕೆ. ಹಸಿರು ಹೆಚ್ಚಿದಷ್ಟೂ ಮೀನಿಗೆ ವಿಷ."

ಇಬ್ಬರೂ ಕಾದರು. ನೀರು ಮೊದಲು ಹಳದಿಯಾಯಿತು, ಆಮೇಲೆ ಎಳೆ ಹಸಿರು. ಅಲ್ಲಿಗೇ ನಿಲ್ಲಲಿ ಎಂದು ಗೊತ್ತಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ನಿಲ್ಲಲಿಲ್ಲ. ಕಡು ಹಸಿರಾಯಿತು.

ಚಿಕ್ಕಮ್ಮನ ಹುಬ್ಬು ಮೇಲೇರಿತು. "ಫಿಲ್ಟರ್ ಸ್ಪಂಜು ಏನಾದ್ರೂ ತೊಳೆದ್ರಾ?"

"ನಾನೇನೂ ಸೋಪು ಹಾಕಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಚಿಕ್ಕಮ್ಮ ನಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಮೀನು ಹೇತಿದ್ದು, ತಿಂದು ಬಿಟ್ಟಿದ್ದು, ಎಲ್ಲ ಕೊಳೆತು ಅಮೋನಿಯಾ ಆಗುತ್ತೆ. ಅದನ್ನ ತಿಂದು ಬದುಕೋ ಬ್ಯಾಕ್ಟೀರಿಯಾ ಇವೆ. ಅವುಗಳ ಮನೆ ಆ ಕೊಳಕು ಸ್ಪಂಜು."

"ಬ್ಯಾಕ್ಟೀರಿಯಾ ಅಂದ್ರೆ ಕೆಟ್ಟದ್ದಲ್ವಾ?"

"ಕೆಲವು ಕೆಟ್ಟವು."

ಆ 'ಕೆಲವು' ಎಂಬ ಮಾತು ಅವಳ ಪೋಸ್ಟರಿನಲ್ಲಿ ಇರಲಿಲ್ಲ. ಗೊತ್ತಮ್ಮನ ಕಣ್ಣು ತುಂಬಿ ಬಂತು. "ಹಾಗಾದ್ರೆ ಮೀನು ಕೊಂದಿದ್ದು ನಾನೇ."

"ಗೊತ್ತಿಲ್ಲ ಕಣೇ."

"ಗೊತ್ತಿಲ್ಲ ಅಂದ್ರೆ? ಇಷ್ಟೊಂದು ಬಾಟಲಿ ಇಟ್ಕೊಂಡಿದೀರ!"

"ತಿಂಡಿ ಜಾಸ್ತಿ ಬಿದ್ರೂ ಹೀಗೇ ಹಸಿರು ಬರುತ್ತೆ. ಎರಡೂ ಸೇರಿರಬಹುದು, ನನಗೆ ಹೊಳೀದೇ ಇರೋದೂ ಇರಬಹುದು. ಈ ಹಸಿರು ನೀರು ಯಾರ ಹೆಸರನ್ನೂ ಹೇಳಲ್ಲ."

ತಿಂಡಿ ಎಂದಾಗ ಗೊತ್ತಮ್ಮನಿಗೆ ಬಿಸ್ಕತ್ತು ನೆನಪಾದ. ಒಂದು ಕ್ಷಣ ಹೋದ ಜೀವ ಬಂದಂತಾಯಿತು. ಯಾರಿಂದ ಎಂದು ಗೊತ್ತಾಗುವುದೇ ಇಲ್ಲ ಎಂದಮೇಲೆ ಬಾಯಿ ಬಿಡುವುದಾದರೂ ಯಾಕೆ? ಆದರೆ ಮರುಕ್ಷಣವೇ ಅವನ ಪಕ್ಕದ ಖಾಲಿ ಜಾಗ ಕಣ್ಣಿಗೆ ಕಟ್ಟಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಉಳಿದಿರೋವು ಬದುಕ್ತವಾ?" ಎಂದು ಸಣ್ಣ ಧ್ವನಿಯಲ್ಲಿ ಕೇಳಿದಳು.

ಚಿಕ್ಕಮ್ಮ ಅವಳನ್ನು ಲ್ಯಾಬಿನ ಬಾಗಿಲ ಬಳಿಯ ತೊಟ್ಟಿಗೆ ಕರೆದೊಯ್ದರು. ದಿನಾ ನೋಡುವ ತೊಟ್ಟಿಯೇ. ಅಂದಕ್ಕೆ ಇಟ್ಟಿದ್ದಾರೆಂದು ಅವಳು ತಿಳಿದಿದ್ದಳು. ಒಳಗೆ ಬೂದು ಬಣ್ಣದ ಮೀನುಗಳು, ಮೂಲೆಯಲ್ಲಿ ಕಂದು ಸ್ಪಂಜುಗಳು.

"ಕೆರೆಯಿಂದ ಬರೋ ನೀರು ಮೊದಲು ಇವುಗಳ ಹತ್ರ ಬರುತ್ತೆ. ಇವು ಒದ್ದಾಡಿದ್ರೆ ನೀರಲ್ಲಿ ಏನೋ ಇದೆ ಅಂತ ಲೆಕ್ಕ."

"ಮಶೀನುಗಳು ಇದಾವಲ್ಲ?"

"ಮಶೀನು ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ. ಹೊಸ ಮಶೀನು ಬಂದಾಗೆಲ್ಲ, ಅಯ್ಯೋ ಇದನ್ನ ನಾವು ಕೇಳೇ ಇರಲಿಲ್ವಲ್ಲ ಅನ್ನಿಸುತ್ತೆ. ಇನ್ನೂ ಏನೇನು ಕೇಳಿಲ್ವೋ. ಅದಕ್ಕೇ ಮೀನು." ಚಿಕ್ಕಮ್ಮ ತೋಳಿನ ಬಟ್ಟೆ ಮೇಲೇರಿಸಿ ಒಂದು ಸ್ಪಂಜು ತೆಗೆದರು. ಲೋಳೆಲೋಳೆಯಾಗಿತ್ತು, ಕೆಸರಿನ ವಾಸನೆ. ಅದೇ ತೊಟ್ಟಿಯ ನೀರಿನ ಜೊತೆ ಡಬ್ಬಿಗೆ ಹಾಕಿದರು. "ಇದನ್ನ ನಿಮ್ಮ ಟ್ಯಾಂಕಿಗೆ ಹಾಕಿ. ಅರ್ಧ ನೀರು ಬದಲಾಯಿಸಿ, ಹಿಂದಿನ ದಿನವೇ ಬಕೆಟ್ಟಲ್ಲಿ ಹಿಡಿದಿಟ್ಟ ನೀರು ಹಾಕಿ, ಅದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ. ಬದುಕಿದ್ರೂ ಬದುಕಬಹುದು."

"ಖಂಡಿತ?"

"ಖಂಡಿತ ಅಂತ ಹೇಗೆ ಹೇಳ್ಲಿ? ಆದ್ರೆ ಹಾಕದೇ ಇದ್ರೆ ಉಳಿಯೋದು ಕಷ್ಟ."

ಮರುದಿನ ಗೊತ್ತಮ್ಮ ಡಬ್ಬಿ ಹಿಡಿದು ಕ್ಲಾಸಿನ ಬಾಗಿಲಲ್ಲಿ ನಿಂತಳು. ಈ ಸ್ಪಂಜು ಯಾಕೆ ಎಂದು ಮಿಸ್ ಕೇಳಿಯೇ ಕೇಳುತ್ತಾರೆ. ಹಳೆಯದು ಏನಾಯಿತು ಎಂದು ಹೇಳದೆ ಅದಕ್ಕೆ ಉತ್ತರ ಕೊಡಲಾಗುವುದಿಲ್ಲ. ಟ್ಯಾಂಕಿನಲ್ಲಿ ಹರಕು ತಳದ ಕಲ್ಲಿಗೆ ಒರಗಿಕೊಂಡಿತ್ತು.

"ಮಿಸ್," ಎಂದಳು. "ಬಿಸ್ಕತ್ತೊಬ್ಬನದೇ ತಪ್ಪಲ್ಲ. ನಾನು ಸ್ಪಂಜು ತೊಳೆದುಬಿಟ್ಟೆ."

ಎಲ್ಲವನ್ನೂ ಹೇಳಿದಳು. ನಡುನಡುವೆ ಅಳು ಬಂತು, ಮೂಗು ಒರೆಸಿಕೊಂಡು ಮತ್ತೆ ಹೇಳಿದಳು. ಡಬ್ಬಿಯ ಮುಚ್ಚಳ ತೆಗೆದಾಗ ಮುಂದಿನ ಬೆಂಚಿನವರು "ಥೂ" ಎಂದು ಮೂಗು ಮುಚ್ಚಿಕೊಂಡರು.

ಮಿಸ್ ಡಬ್ಬಿಯನ್ನು ಕೈಗೆ ತೆಗೆದುಕೊಂಡರು. "ಚೆನ್ನಾಗಿ ತೊಳಿ ಅಂದಿದ್ದು ನಾನೇ," ಎಂದರು. "ನನಗೂ ಇದು ಗೊತ್ತಿರಲಿಲ್ಲ."

ಮಿಸ್ಸಿಗೂ ಗೊತ್ತಿಲ್ಲದ್ದು ಇರುತ್ತದೆಯೇ ಎಂದು ಕ್ಲಾಸು ಪಿಳಿಪಿಳಿ ಕಣ್ಣು ಬಿಟ್ಟಿತು. ಆಗ ಬಿಸ್ಕತ್ತು ಎದ್ದು ನಿಂತ.

"ಮಿಸ್, ನಾನೂ ಪುಡಿ ಹಾಕಿದ್ದೆ. ಸ್ವಲ್ಪ." ತಲೆ ಕೆರೆದುಕೊಂಡ. "ಸ್ವಲ್ಪ ಜಾಸ್ತಿನೇ."

ಶಾಲೆಯಲ್ಲಿ ಹಿಡಿದಿಟ್ಟಿದ್ದ ನಿನ್ನೆಯ ನೀರಿನ ಬಕೆಟ್ಟು ಹೊತ್ತು ತಂದದ್ದು ಅವನೇ. ಆ ಲೋಳೆ ಸ್ಪಂಜನ್ನು ಬರಿಗೈಯಲ್ಲಿ ಎತ್ತಿ, ಅಷ್ಟು ಚೊಕ್ಕವಾಗಿ ತೊಳೆದಿದ್ದ ಟ್ಯಾಂಕಿಗೆ ಗೊತ್ತಮ್ಮ ಇಳಿಸಿದಳು. ಕಂದು ಕೊಳೆ ನೀರಿನಲ್ಲಿ ಹರಡಿತು.

ಅದಾದ ಮರುದಿನ ಇನ್ನೊಂದು ಮೀನು ಸತ್ತಿತು. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಅದಕ್ಕೂ ಮರುದಿನ ಯಾವುದೂ ಸಾಯಲಿಲ್ಲ. ಅದರ ಮುಂದಿನ ದಿನವೂ ಇಲ್ಲ. ಚಿಕ್ಕಮ್ಮ ಕೊಟ್ಟು ಕಳಿಸಿದ್ದ ಹನಿಗಳನ್ನು ದಿನಾ ಹಾಕಿ ನೋಡಿದಾಗ ಕೊಳವೆಯಲ್ಲಿ ಹಸಿರು ದಿನದಿನಕ್ಕೆ ತೆಳುವಾಗುತ್ತ ಬಂತು. ಹರಕು ಮೊದಲಿನ ಹಾಗೆ ಗಾಜಿಗೆ ಮೂತಿ ತಾಗಿಸಿ ಓಡಾಡತೊಡಗಿತು.

ಒಂದು ಮಧ್ಯಾಹ್ನ ಗೊತ್ತಮ್ಮ ಟ್ಯಾಂಕಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಾಗ ಒಂದನೇ ಕ್ಲಾಸಿನ ಪುಟಾಣಿಯೊಬ್ಬಳು ಬಾಗಿಲಲ್ಲಿ ಇಣುಕಿದಳು. ಅವಳ ಹಿಂದೆ ಬಿಸ್ಕತ್ತು ಹಲ್ಲು ಕಿರಿಯುತ್ತ ನಿಂತಿದ್ದ. "ಏನಾದ್ರೂ ಕೇಳು, ಅಕ್ಕಂಗೆ ಎಲ್ಲ ಗೊತ್ತು," ಎಂದ.

ಪುಟಾಣಿ ಹರಕನ್ನು ನೋಡಿದಳು. "ಅಷ್ಟು ಮೀನು ಸತ್ರೂ ಇದು ಯಾಕಕ್ಕ ಸಾಯಲಿಲ್ಲ? ಇದರ ಬಾಲಾನೇ ಹರಿದಿದೆ."

ಗೊತ್ತಮ್ಮ ಅಭ್ಯಾಸಬಲದಿಂದ ಬಾಯಿ ತೆರೆದಳು. ಸ್ಪಂಜು, ಬ್ಯಾಕ್ಟೀರಿಯಾ, ಅಮೋನಿಯಾ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಯಾವುದೂ ಆ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಹರಕು ಅವಳ ಬೆರಳ ಎದುರಿಗೆ ಬಂದು ನಿಂತು ಕಿವಿರು ಅಲ್ಲಾಡಿಸಿತು.

"ಗೊತ್ತಿಲ್ಲ ಪುಟ್ಟಿ," ಎಂದಳು. ಈ ಸಲ ಕಿವಿ ಬಿಸಿಯಾಗಲಿಲ್ಲ.

ಆಮೇಲೆ ಸ್ಟೂಲಿನ ಮೇಲೆ ಪಕ್ಕಕ್ಕೆ ಸರಿದು ಪುಟಾಣಿಗೆ ಗಾಜಿನ ಮುಂದೆ ಜಾಗ ಮಾಡಿಕೊಟ್ಟಳು.