ಹೊಲಿಸದೆ ಇಟ್ಟ ರವಿಕೆ

ತಮಿಳುನಾಡಿನ ಕಂಬಂನ ನಮ್ಮ ವಂಶಾವಳಿಯಲ್ಲಿ ಒಂಬತ್ತು ತಲೆಮಾರಿನ ಗಂಡಸರ ಹೆಸರಿದೆ. ನನ್ನ ಮುತ್ತಜ್ಜಿಯ ಜಾಗದಲ್ಲಿ ‘ಹೆಂಡತಿ’ ಎಂದಷ್ಟೇ ಇದೆ. ಅವಳ ಹೆಸರು ಕೇಳಲು ಹೋದ ಮಧ್ಯಾಹ್ನ ದೊಡ್ಡಪ್ಪ ಮೂಕಯ್ಯ ದೇವರ ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದರು. ಮನೆದೇವರೆಂದು ಪೂಜಿಸುವ ಆ ಮುತ್ತಜ್ಜಿಗೆ ವರ್ಷಕ್ಕೊಮ್ಮೆ ಸೀರೆ, ಹೊಲಿಸದ ರವಿಕೆ ಬಟ್ಟೆ ಇಟ್ಟು ಬೀಗ ಹಾಕುತ್ತಾರೆ. ಕೀಲಿ ಅವರ ಸೊಂಟದಲ್ಲೇ ಇರುತ್ತದೆ.

ಹೊರಬಂದದ್ದು ಹೊಲಿದ ರವಿಕೆ. ಎಡತೋಳು ಯಾರೋ ಹಿಡಿದೆಳೆದಂತೆ ಹರಿದಿತ್ತು.

“ವರ್ಸ ವರ್ಸಾನೂ ಇಂಗೇ ತಾಯಿ. ಅದೇ ತೋಳು,” ಎಂದರು ದೊಡ್ಡಪ್ಪ.

“ಅವಳ ಹೆಸರು ಹೇಳಿ.”

“ಪೇರ್ ಹೇಳಿದ್ರೆ ಎಳೆದೋನ್ ಯಾರಂತ ಕೇಳ್ತೀಯ. ಅವನ ಪೇರು ನಿನ್ ಪಟ್ಟೀಲೇ ಐತೆ. ಸುಮ್ನೆ ಮಡಿಸು.”

ನಾನು ಮಡಿಸಲಿಲ್ಲ. ವರ್ಷವಿಡೀ ಬೀಗದೊಳಗಿದ್ದ ಆ ರವಿಕೆಯ ಕಂಕುಳು ಬೆವರಿನಿಂದ ಒದ್ದೆಯಾಗಿತ್ತು, ಇನ್ನೂ ಬೆಚ್ಚಗಿತ್ತು.