ಕೈ ತೊಳಕೊಂಡ ಸರ್ವೆಯರ್

ಸ್ಕೂಟರ್ ನನ್ನ ಎದಿ ಮ್ಯಾಲೇ ಬರಕತ್ತಿತ್ತು!

ಪಕ್ಕಕ್ಕ ಜಿಗದೆ. ಮೊಣಕೈ ತರಚಿತು. ಆ ಪುಣ್ಯಾತ್ಮ ತಿರುಗಿ ಸೈತ ನೋಡ್ಲಿಲ್ಲ.

ಅವನು ಪಾಲಾಕ್ಷಪ್ಪ. ಹಗರಿಬೊಮ್ಮನಹಳ್ಳಿ ಕಡಿ ಸರ್ವೆಯರ್. ನಾನು ಸುಕನ್ಯಾ, ಲಂಚಕೋರರನ್ನ ಹಿಡಿಯೋ ದಳದ ಇನ್ಸ್‌ಪೆಕ್ಟರ್. ಅವತ್ತು ಮಾತ್ರ ತಂಬ್ರಹಳ್ಳಿ ಎರ್ರೆಮ್ಮನ ಸೊಸಿ ವೇಷ!

ತೊಂಬತ್ತೆಂಟರ ಮಾತು. ಎರ್ರೆಮ್ಮನ ಹೊಲದ ಬದು ಬಾಜೂದಾವ ಒತ್ತಿದ್ದ. ಅಳದು ಕೊಡ್ರಿ ಅಂತ ಮುದುಕಿ ಅಲದೂ ಅಲದೂ ಸಾಕಾಗಿದ್ಲು. ಪಾಲಾಕ್ಷಪ್ಪಂದು ಒಂದೇ ಮಾತು... "ಕೈ ಬೆಚ್ಚಗ ಮಾಡವ್ವ."

ಮುದುಕಿ ನಮ್ಮ ಹತ್ರ ಬಂದ್ಲು. ನೋಟಿಗೆ ಬಿಳಿ ಪುಡಿ ಹಚ್ಚಿ ಕೊಟ್ವಿ. ಅದನ್ನ ಮುಟ್ಟಿದ ಕೈ ಸೋಡಾ ನೀರಿನ್ಯಾಗ ಅದ್ದಿದ್ರ ನೀರು ಗುಲಾಬಿ! ಅದೇ ನಮ್ಮ ಸಾಕ್ಷಿ.

ಪಾಲಾಕ್ಷಪ್ಪ ಖಾನಾವಳಿ ಹಿಂದ ಮುದುಕಿ ಕೈಯಿಂದ ನೋಟು ತಗೊಂಡ. ಎಣಿಸಿದ. ಅಷ್ಟರಾಗ ನನ್ನ ಸೀರಿ ಕೆಳಗ ಪೊಲೀಸ್ ಬೂಟು ಅವನಿಗೆ ಕಾಣಿಸ್ತು!

ನೋಟು ಎಸದ. ಸ್ಕೂಟರ್ ಹತ್ತಿ ನನ್ನ ಮ್ಯಾಲೇ ಬಿಟ್ಟ!

ಇನ್ನ ಅವನು ಕೈ ತೊಳಕೊಂಡ್ರ ಸಾಕು... ಕೇಸ್ ಖತಂ!

"ಜೀಪ್ ತಗೀ!"

ಡ್ರೈವರ್ ಹುಲುಗಣ್ಣ ಹಲ್ಲು ಕಿರದ. "ದಬ್ಬಬೇಕ್ರಿ, ಮೇಡಂ!"

"ನೀನೇ ದಬ್ಬಲೇ!"

ಶೇಂಗಾ ಚೀಲ ಹೇರಿದ ಲಗೇಜ್ ಆಟೋ ಹೊಂಟಿತ್ತು. ಹಾರಿ ಚೀಲದ ಮ್ಯಾಲೆ ಕುಂತೆ. "ಆ ಸ್ಕೂಟರ್ ಹಿಂದ ಬಿಡೋ!"

ಹಳ್ಳದ ಉಸುಕಿನ್ಯಾಗ ಸ್ಕೂಟರ್ ಹುಗೀತು. ಪಾಲಾಕ್ಷಪ್ಪ ಓಡಿದ. ನಾನೂ ಓಡಿದೆ. ಹಳ್ಳದಾಗ ಹನಿ ನೀರಿಲ್ಲ! ದಂಡಿ ಮ್ಯಾಲೆ ಊರ ಬಟ್ಟಿ ಒಗಿಯೋ ಹೊನ್ನೂರಮ್ಮ ಬಾನಿ ತುಂಬ ಬಟ್ಟಿ ನೆನಿಯಾಕ ಇಟ್ಟಿದ್ಲು.

ಅದ್ರಾಗ ಎರಡೂ ಕೈ ಅದ್ದಿದ. ಗಸಗಸ ತಿಕ್ಕಿದ. ನನ್ನ ನೋಡಿ ನಕ್ಕ.

"ಈಗೇನು ಹಿಡೀತೀರಿ, ಮೇಡಂ? ಕೈ ಸ್ವಚ್ಛ!"

ಹೊನ್ನೂರಮ್ಮ ಚಿಟ್ಟನೆ ಚೀರಿದ್ಲು. "ನಿನ್ನ ಕೈ ಸೇದಿಹೋಗ್ಲಿ! ನನ್ನ ಬಿಳಿ ಪಂಜಿಯೆಲ್ಲಾ ಗುಲಾಬಿ ಮಾಡಿದೆಲ್ಲೋ!"

ಆಕಿ ಬಾನಿಗೆ ಹಾಕಿದ್ದು ಏನು? ಒಗಿಯೋ ಸೋಡಾ!

ಪಾಲಾಕ್ಷಪ್ಪ ಉಸುಕಿನ್ಯಾಗ ಕುಕ್ಕರಿಸಿದ. ನಾನು ಬ್ಯಾಡಿ ಹಾಕಿದೆ... ಬಾನಿ ಸಮೇತ ಜಪ್ತಿ! ಹೊನ್ನೂರಮ್ಮನ ಬೈಗಳು ಮಾತ್ರ ಪಂಚನಾಮಿಯೊಳಗ ಬರೀಲಿಲ್ಲ.

ಮರುದಿನವೇ ಹೊಸ ಸರ್ವೆಯರ್ ಓಡಿ ಬಂದ. ಎರ್ರೆಮ್ಮನ ಹೊಲ ಅಳದ, ಕಲ್ಲೂ ತಾನೇ ನೆಟ್ಟ. ಮುದುಕಿ ಕೊಟ್ಟ ಮಜ್ಜಿಗಿ ಸೈತ ಮುಟ್ಲಿಲ್ಲ!

ಪಾಲಾಕ್ಷಪ್ಪ ಸಸ್ಪೆಂಡ್ ಆದ. ಕೇಸು ನಡದೇ ನಡೀತು... ನಡುವ ಅವನು ವಾಪಸ್ ಕುರ್ಚಿಗೂ ಬಂದ.

ನಮ್ಮಿಂದ ಏನೂ ಆಗ್ಲಿಲ್ಲ ಅನಬ್ಯಾಡ್ರಿ. ಸ್ವಲ್ಪ ದಿನ ತಾಲೂಕಿನ್ಯಾಗ ಲಂಚ ಪೂರಾ ಬಂದ್!

ಆಮ್ಯಾಲೆ ಶುರುವಾತು. ರೇಟ್ ಡಬಲ್.

ಯಾಕಂದ್ರ... ರಿಸ್ಕ್ ಜಾಸ್ತಿ ಆಗೈತಂತ!